ಪಹಣಿಯಾಚೆಯ ಜನ: ಮಧುಗಿರಿ ಉಪವಿಭಾಗದಲ್ಲಿ ಹೊರಗಿಡುವಿಕೆ ಮತ್ತು ಬದುಕಿನ ಅಭದ್ರತೆ

2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ಅವರನ್ನು ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿಯ ಗೊಲ್ಲರಹಟ್ಟಿಯೊಳಗೆ ಬಿಡಲಿಲ್ಲ. ಅವರು ದಲಿತರು ಎಂಬುದೇ ಕಾರಣ. ಹಟ್ಟಿಗೆ ಸೌಕರ್ಯ ಒದಗಿಸುವ ಮಾತಿಗೆಂದೇ ಅವರು ಅಲ್ಲಿಗೆ ಹೋಗಿದ್ದರು. ತಡೆದವರು ಕಾಡುಗೊಲ್ಲರು. ಕುರಿಯನ್ನೇ ನಂಬಿ ಬದುಕುವ ಈ ಸಮುದಾಯ ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ವರ್ಷಗಳಿಂದ ಸರ್ಕಾರದ ಬಾಗಿಲು ಬಡಿಯುತ್ತಿದೆ. ಹೊರಗಿಟ್ಟವರು ಮತ್ತು ಹೊರಗಿಡಿಸಿಕೊಂಡವರು ಎಂದು ಊರನ್ನು ಎರಡು ಪಾಲು ಮಾಡಿ ನೋಡುವ ವಿಶ್ಲೇಷಣೆ ಇಂಥ ಕಡೆ ಕೈಕೊಡುತ್ತದೆ. ಒಂದು ಗೆರೆಯಿಂದಾಚೆ ಉಳಿದವರು ಇನ್ನೊಂದು ಗೆರೆ ಎಳೆದುಕೊಂಡು ತಮ್ಮ ನೆಲೆಯನ್ನು ಕಾಯುತ್ತಾರೆ.

ವಿಶ್ವಸಂಸ್ಥೆಯ 1994ರ ಮಾನವ ಅಭಿವೃದ್ಧಿ ವರದಿಯು ಭದ್ರತೆಯನ್ನು ದೇಶದ ಗಡಿಯಿಂದ ಬಿಡಿಸಿ ಮನುಷ್ಯನ ಬದುಕಿಗೆ ತಂದಿತು. ಆದಾಯ, ಆಹಾರ, ಆರೋಗ್ಯ, ಪರಿಸರ, ವ್ಯಕ್ತಿ, ಸಮುದಾಯ, ರಾಜಕೀಯ ಎಂಬ ಏಳು ಮುಖಗಳನ್ನು ಅದು ಹೆಸರಿಸಿತು. ಉಪವಿಭಾಗದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಈ ಏಳನ್ನೂ ಬಿಡಿಬಿಡಿಯಾಗಿ ಅಳೆಯಲು ಹೊರಟರೆ ಅವು ಒಂದಕ್ಕೊಂದು ಅಂಟಿಕೊಂಡೇ ಸಿಗುತ್ತವೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಈ ನಾಲ್ಕೂ ಆ ಪಟ್ಟಿಯಲ್ಲಿವೆ. ಆದರೆ ಸಮಿತಿ ಅಳೆದದ್ದು ತಾಲ್ಲೂಕನ್ನು. ತಾಲ್ಲೂಕಿನೊಳಗೆ ಹಿಂದೆ ಬಿದ್ದವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯಿತು. ಆ ಪ್ರಶ್ನೆಗೆ ಉತ್ತರ ಹುಡುಕಲು ಪಾವಗಡದ ಸೋಲಾರ್ ಪಾರ್ಕಿಗಿಂತ ತಕ್ಕ ಜಾಗ ನನಗೆ ಕಾಣುತ್ತಿಲ್ಲ.

ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ‘ಶಕ್ತಿ ಸ್ಥಳ’ ಎಂಬ ಈ ಪಾರ್ಕು ಹರಡಿದೆ. ಪಾರ್ಕಿನ ಮೊದಲ ಹಂತ 2018ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಇಲ್ಲಿ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಒಡೆತನ ರೈತರಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ, 28 ವರ್ಷದ ಅವಧಿ. ಮಳೆ ಕೈಕೊಟ್ಟ ವರ್ಷ ಬಿತ್ತಿದ ಕಡಲೆಕಾಯಿ ಬೀಜದ ದುಡ್ಡೂ ಹುಟ್ಟದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಒತ್ತಾಯದ ಭೂಸ್ವಾಧೀನಕ್ಕಿಂತ ಇದು ಎಷ್ಟೋ ಮೇಲು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೂ ಲೆಕ್ಕ ಹಾಕಿ ನೋಡಬೇಕು. ಹತ್ತು ಎಕರೆಯವನಿಗೆ ಆರಂಭದಲ್ಲಿ ವರ್ಷಕ್ಕೆ 2,10,000 ರೂಪಾಯಿ. ಎರಡು ಎಕರೆಯವನಿಗೆ 42,000, ಅಂದರೆ ತಿಂಗಳಿಗೆ 3,500. ಎರಡು ವರ್ಷಕ್ಕೆ ಶೇ 5 ಎಂದರೆ ವರ್ಷಕ್ಕೆ ಹೆಚ್ಚುಕಡಿಮೆ ಶೇ 2.5. ರಿಸರ್ವ್ ಬ್ಯಾಂಕ್ ಇಟ್ಟುಕೊಂಡಿರುವ ಹಣದುಬ್ಬರದ ಗುರಿಯೇ ಶೇ 4. ಬೆಲೆಯೇರಿಕೆ ಆ ಗುರಿಯ ಮಟ್ಟದಲ್ಲೇ ನಿಂತರೂ ಗುತ್ತಿಗೆಯ ಹಣದ ಕೊಳ್ಳುವ ಶಕ್ತಿ ವರ್ಷ ವರ್ಷವೂ ಕರಗುತ್ತದೆ. ಹತ್ತು ಎಕರೆಯವನು ಆ ಹಣದಲ್ಲಿ ಪೇಟೆಯಲ್ಲೊಂದು ಅಂಗಡಿ ತೆರೆಯಬಹುದು, ಮಕ್ಕಳನ್ನು ಓದಿಸಬಹುದು. ಎರಡು ಎಕರೆಯವನು ಅದನ್ನೇ ಉಂಡು ಕಳೆಯಬೇಕು.

ಒಂದು ಗುಂಟೆಯೂ ಇಲ್ಲದವರು ಈ ಲೆಕ್ಕದೊಳಕ್ಕೇ ಬರುವುದಿಲ್ಲ. ಕಳೆ ತೆಗೆಯುವುದು, ಗಿಡ ಕೀಳುವುದು, ಕಾಯಿ ಬಿಡಿಸುವುದು — ಕಡಲೆಕಾಯಿ ಹೊಲದ ಕೂಲಿಯ ಬಹುಭಾಗ ಹೆಂಗಸರದು, ಅವರಲ್ಲೂ ದಲಿತ ಹೆಂಗಸರದು. ಹೊಲ ಹೋದಾಗ ಆ ಕೂಲಿ ಹೋಯಿತು. ಗುತ್ತಿಗೆ ಪತ್ರದಲ್ಲಿ ಹೊಲಕ್ಕೆ ಬೆಲೆ ಕಟ್ಟಿದರು, ಹೊಲದ ಮೇಲೆ ನಡೆಯುತ್ತಿದ್ದ ದುಡಿಮೆಗೆ ಕಟ್ಟಲಿಲ್ಲ. ಫಲಕ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸಗಳು ಉಂಟು. 13,000 ಎಕರೆ ಬೇಸಾಯ ಕೇಳುತ್ತಿದ್ದಷ್ಟು ಕೈಗಳನ್ನು ಅವು ಕೇಳುವುದಿಲ್ಲ. ಕುರಿಯವರ ಪಾಡೂ ಇದೇ. ಕೊಯ್ಲಾದ ಹೊಲ, ಬೀಳು, ಬದು ಯಾರ ಹೆಸರಿನಲ್ಲಿದ್ದರೂ ಮಂದೆ ಅಲ್ಲಿ ಮೇಯುತ್ತಿತ್ತು. ಈಗ ಅಲ್ಲಿ ತಂತಿಬೇಲಿ.

ಹಾಗಾಗಿ ಸೋಲಾರ್ ಪಾರ್ಕು ತಂದ ಭದ್ರತೆ ಪಹಣಿಯ ಕಾಲುವೆಯಲ್ಲೇ ಹರಿಯಿತು ಎನ್ನಬೇಕು. ಪಹಣಿಯೋ ಹಳೆಯ ಹೊರಗಿಡುವಿಕೆಯ ಬರಹ. ಅಪ್ಪನ ಕಾಲದಿಂದ ಸರ್ಕಾರಿ ಜಮೀನು ಉಳುತ್ತ ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಕಾದ ಬಗರ್ ಹುಕುಂ ಸಾಗುವಳಿದಾರನ ಹೆಸರು ಅದರಲ್ಲಿಲ್ಲ. ಪೌತಿ ಖಾತೆಯಾಗದ ಮನೆಗಳಲ್ಲಿ ತೀರಿಕೊಂಡ ಅಜ್ಜನ ಹೆಸರಿದೆ, ಬದುಕಿರುವ ಸೊಸೆಯದಿಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು. ಆದರೆ ಕೈಬರಹದಲ್ಲಿ ಬಿಟ್ಟುಹೋದ ಹೆಸರನ್ನು ಕಂಪ್ಯೂಟರು ತಾನಾಗಿ ಸೇರಿಸುವುದಿಲ್ಲ.

ಇತ್ತ, ಸಂಸದರನ್ನು ತಡೆದ ಹಟ್ಟಿಯ ಗೆರೆ ತನ್ನ ಹೆಣ್ಣುಮಕ್ಕಳನ್ನೂ ಹೊರಗಿಡುತ್ತದೆ. ಮುಟ್ಟಾದವಳು, ಬಾಣಂತಿ ಹಟ್ಟಿಯಾಚೆ ಇರಬೇಕೆಂಬ ಕಟ್ಟಳೆ ಹಲವು ಗೊಲ್ಲರಹಟ್ಟಿಗಳಲ್ಲಿ ಇನ್ನೂ ಸಡಿಲವಾಗಿಲ್ಲ. 2023ರ ಜುಲೈನಲ್ಲಿ ನೆರೆಯ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ, ಮಳೆಗಾಳಿಗೆ ಒಡ್ಡಿದ ಗುಡಿಸಲಿನಲ್ಲಿ ತಾಯಿಯೊಂದಿಗಿದ್ದ ಹಸುಗೂಸು ತೀರಿಹೋಯಿತು. 2017ರ ಅಮಾನವೀಯ ಆಚರಣೆಗಳ ನಿರ್ಮೂಲನ ಕಾಯ್ದೆ ಇಂಥ ಪ್ರತ್ಯೇಕವಾಸವನ್ನು ನಿಷೇಧಿಸಿದೆ. ಸರ್ಕಾರವೇ ಹಟ್ಟಿಗಳ ಪಕ್ಕದಲ್ಲಿ ಇಂಥ ಹೆಂಗಸರು ತಂಗಲೆಂದು ‘ಕೃಷ್ಣ ಕುಟೀರ’ಗಳನ್ನೂ ಕಟ್ಟಿಸಿದೆ. ಮಳೆಯಲ್ಲಿ ನೆನೆಯುವುದಕ್ಕಿಂತ ಸೂರು ಲೇಸು ಎಂಬ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಕಾನೂನು ಅಳಿಸಹೊರಟ ಗೆರೆಯ ಮೇಲೆಯೇ ಸರ್ಕಾರಿ ಹಣದಲ್ಲಿ ಗೋಡೆ ಎದ್ದರೆ ಗೆರೆಗೆ ಇನ್ನಷ್ಟು ಬಲ ಬರುತ್ತದೆ. ಶಿರಾ ಉಪಚುನಾವಣೆಯ ಹೊತ್ತಿಗೆ, 2020ರಲ್ಲಿ, ಕಾಡುಗೊಲ್ಲರ ಅಭಿವೃದ್ಧಿ ನಿಗಮ ಘೋಷಣೆಯಾಯಿತು. ಸಮುದಾಯಕ್ಕೆ ನಿಗಮ ಬಂದರೂ ಹಟ್ಟಿಯಾಚೆ ಕೂತವಳಿಗೆ ಅದರಿಂದ ಏನು ದಕ್ಕಿತು ಎಂಬುದು ಬೇರೆಯದೇ ಪ್ರಶ್ನೆ.

ನೀರಿನ ವಿಷಯದಲ್ಲೂ ಯಾರಿಗೆ ಏನು ದಕ್ಕಿತು ಎಂದೇ ಕೇಳಬೇಕಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ಫ್ಲೋರೈಡ್ ಪಾವಗಡದ ಕೊಳವೆಬಾವಿಗಳ ಹಳೆಯ ಪಿಡುಗು. ಹಲ್ಲು ಕಂದಾಗಿ ಬೆನ್ನು ಬಗ್ಗಿದ ಕೂಲಿಯವನಿಗೆ ಕಾಯಿಲೆಯ ಜೊತೆಗೇ ದಿನಗೂಲಿಯೂ ತಪ್ಪುತ್ತದೆ. ಶುದ್ಧ ನೀರಿನ ಘಟಕ ಕೆಟ್ಟು ನಿಂತ ದಿನ ಕ್ಯಾನು ಕೊಳ್ಳಲಾಗದ ಮನೆ ಮತ್ತೆ ಕೊಳವೆಬಾವಿಗೇ ಹೋಗುತ್ತದೆ.

ಪಹಣಿಯಲ್ಲಿಲ್ಲ ಎಂದ ಮಾತ್ರಕ್ಕೆ ಭೂರಹಿತರು ಯಾವ ದಾಖಲೆಯಲ್ಲೂ ಇಲ್ಲವೆಂದಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ಕೊಟ್ಟ ಜಾಬ್ ಕಾರ್ಡಿನಲ್ಲಿ ಮನೆಯ ದುಡಿಯುವ ಪ್ರತಿಯೊಬ್ಬರ ಹೆಸರಿಗೂ ಜಾಗವಿದೆ, ಸೊಸೆಯ ಹೆಸರಿಗೂ. ಪಾರ್ಕನ್ನು ವಿಸ್ತರಿಸುವ ಮಾತು ಬಂದಾಗಲೆಲ್ಲ ಅಧಿಕಾರಿಗಳ ಮೇಜಿನ ಮೇಲೆ ಪಹಣಿಯ ಕಟ್ಟಿರುತ್ತದೆ. ಅದರ ಪಕ್ಕದಲ್ಲಿ ಆಯಾ ಪಂಚಾಯಿತಿಯ ಜಾಬ್ ಕಾರ್ಡಿನ ಪಟ್ಟಿಯನ್ನೂ ಇಟ್ಟು, ಗುತ್ತಿಗೆಯ ಹಣದಲ್ಲಿ ಆ ಹೆಸರುಗಳಿಗೂ ಒಂದು ಪಾಲು ಬರೆಯಬೇಕೆಂಬುದು ಈ ಲೇಖನದ ಬೇಡಿಕೆ.