ಜರ್ಮನ್, ಅರಬ್ಬಿ ದುಭಾಷಿ ಬೇಕಾದಾಗ

ಕರಾವಳಿಯವರಿಗೆ ಈ ಎರಡು ಭಾಷೆಗಳೂ ತೀರ ಅಪರಿಚಿತವಲ್ಲ. ಗಲ್ಫಿನಲ್ಲಿ ದುಡಿದು ಬಂದವರು ವಾಳೆ ವಾಳೆಗಳಲ್ಲೂ ಇದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಜರ್ಮನರ ನೆನಪೂ ಇದೆ. ಅದೇ ಮಿಶನಿನ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು. ಆದರೆ ನಮ್ಮಲ್ಲಿಂದ ಬಿಳಿಗಿರಿರಂಗನ ಬೆಟ್ಟದ ಕಡೆಗೆ, ಅಂದರೆ ಕೊಳ್ಳೇಗಾಲ, ಹನೂರು, ಯಳಂದೂರು ತಾಲೂಕುಗಳಿಗೆ ಸೇವೆಗೆ ಹೋದವರಿಗೆ ಇಂಥ ನೆರವು ಕೈಯಳತೆಯಲ್ಲಿ ಸಿಗುವುದಿಲ್ಲ. ಅಂಥವರಿಗಾಗಿ ಈ ಮಾಹಿತಿ.

ಯಾರು ಬೇಕು?
ಮಾತನ್ನು ಆಗಿಂದಾಗಲೇ ತಿಳಿಸುವವರು ದುಭಾಷಿ. ಬರಹವನ್ನು ಭಾಷಾಂತರಿಸುವವರು ಅನುವಾದಕರು. ಎರಡೂ ಬೇರೆ ಬೇರೆ ಕೆಲಸ. ಜರ್ಮನ್ ಮತ್ತು ಅರಬ್ಬಿ ಎರಡನ್ನೂ ಬಲ್ಲ ಒಬ್ಬರನ್ನೇ ಹುಡುಕುವುದಕ್ಕಿಂತ ಇಬ್ಬರನ್ನು ಗೊತ್ತುಮಾಡಿಕೊಳ್ಳುವುದು ಸುಲಭ.

ಜರ್ಮನ್
ಬೆಂಗಳೂರಿನ ಗ್ಯೋಥೆ ಇನ್‌ಸ್ಟಿಟ್ಯೂಟ್ (ಮ್ಯಾಕ್ಸ್ ಮುಲ್ಲರ್ ಭವನ) ಹಾಗೂ ಜರ್ಮನ್ ಕಾನ್ಸುಲೇಟಿನಲ್ಲಿ ಮೊದಲು ವಿಚಾರಿಸಿರಿ. ದಾದಿಯರ ಕೆಲಸಕ್ಕೆ ಕೇಳುವ ಬಿ2 ಹಂತ ದುಭಾಷಿಗೆ ಸಾಲದು. ಸಿ1 ಅಥವಾ ಅದಕ್ಕೂ ಮೇಲಿನ ಹಂತ ಮುಗಿಸಿದವರಿರಲಿ.

ಅರಬ್ಬಿ
ಗಲ್ಫಿನಿಂದ ಮರಳಿದವರು ಆಡುಮಾತನ್ನು ಬಲ್ಲರು. ಕರಾರುಪತ್ರ ಓದಲು ಬಾರದಿರಬಹುದು. ಮದರಸಾದಲ್ಲಿ ಕಲಿತವರು ಗ್ರಂಥಭಾಷೆ ಬಲ್ಲರು, ಆಡುಮಾತು ಹಿಡಿಯಲಾರದಿರಬಹುದು. ನಿಮಗೆ ಯಾವುದು ಬೇಕೆಂದು ಮೊದಲೇ ಹೇಳಿರಿ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಅರಬ್ಬಿ, ಜರ್ಮನ್ ಎರಡೂ ವಿಭಾಗಗಳಿವೆ. ಕಲ್ಲಿಕೋಟೆ ವಿಶ್ವವಿದ್ಯಾಲಯದಲ್ಲೂ ಅರಬ್ಬಿ ವಿಭಾಗವಿದೆ. ಅಲ್ಲಿ ಕಲಿತವರ ಮೂಲಕ ಹುಡುಕಬಹುದು.

ನೌಕರಿ ಕೊಡಿಸುವ ಏಜೆಂಟನನ್ನೇ ದುಭಾಷಿಯಾಗಿ ಕೂರಿಸಿ ಕರಾರಿಗೆ ಸಹಿ ಮಾಡಿಸಬೇಡಿರಿ. ಆ ಕರಾರು ಆಗುವುದರಲ್ಲಿ ಅವನಿಗೆ ಲಾಭವಿದೆ. ಗಲ್ಫ್ ನ್ಯಾಯಾಲಯಗಳು ಸಾಮಾನ್ಯವಾಗಿ ಅರಬ್ಬಿ ಪ್ರತಿಯನ್ನೇ ಆಧಾರವಾಗಿ ಹಿಡಿಯುತ್ತವೆ.

ಬೆಟ್ಟದ ಮೇಲೆ
ಡಾ. ಎಚ್. ಸುದರ್ಶನ್ 1981ರಲ್ಲಿ ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಸೋಲಿಗರ ಬದುಕು, ಮದ್ದು, ಅರಣ್ಯಜ್ಞಾನ ಹೊರಗಿನ ಅಭ್ಯಾಸಿಗಳನ್ನು ಸೆಳೆದಿವೆ. ಜರ್ಮನಿಯಿಂದ ಬಂದವರೊಬ್ಬರು ಹಾಡಿಯ ಹಿರಿಯರೊಡನೆ ಕುಳಿತರೆ ಮಾತು ಸಾಮಾನ್ಯವಾಗಿ ಜರ್ಮನ್, ಇಂಗ್ಲಿಷ್, ಕನ್ನಡ, ಸೋಲಿಗನುಡಿ ಎಂದು ಮೂರು ಸಲ ದಾಟಬೇಕಾಗುತ್ತದೆ. ಒಂದೊಂದು ದಾಟಿನಲ್ಲೂ ಅರ್ಥ ಒಂದಿಷ್ಟು ಸೋರುತ್ತದೆ. ಆದುದರಿಂದ ಕನ್ನಡವನ್ನು ನೇರವಾಗಿ ಬಲ್ಲ ಜರ್ಮನ್ ದುಭಾಷಿ ಸಿಕ್ಕರೆ ಬಿಡಬೇಡಿರಿ. ಜೊತೆಗೆ ಸೋಲಿಗ ಸಮುದಾಯದ ಒಬ್ಬರು ಇರಲೇಬೇಕು. ಅವರಿಗೂ ಸಂಬಳ ಸಲ್ಲಬೇಕು.

ಒಪ್ಪಿಗೆಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಪಡೆಯುವ ಮುನ್ನ, ತಾವು ಏನು ಅರ್ಥಮಾಡಿಕೊಂಡಿದ್ದೇವೆಂದು ಹಿರಿಯರೇ ತಮ್ಮ ಮಾತಿನಲ್ಲಿ ಹೇಳಲಿ. ದುಭಾಷಿ ಅದನ್ನು ಬಂದವರಿಗೆ ತಿರುಗಿ ತಿಳಿಸಲಿ. ತಪ್ಪು ಅಲ್ಲೇ ಗೊತ್ತಾಗುತ್ತದೆ.

ಗೊತ್ತುಮಾಡುವ ಮುನ್ನ
- ಫೋನಿನಲ್ಲಿ ಹತ್ತು ನಿಮಿಷ ಮಾತನಾಡಿಸಿ ನೋಡಿರಿ.
- ಸಂಭಾವನೆ ದಿನಕ್ಕೋ ಗಂಟೆಗೋ, ಪ್ರಯಾಣ ಮತ್ತು ವಸತಿ ಖರ್ಚು ಯಾರದು ಎಂಬುದನ್ನು ಬರೆದುಕೊಳ್ಳಿರಿ.
- ವಿಷಯವನ್ನೂ ಮುಖ್ಯ ಪದಗಳ ಪಟ್ಟಿಯನ್ನೂ ಮುಂಚಿತವಾಗಿ ಕಳುಹಿಸಿರಿ.
- ಕೇಳಿದ್ದನ್ನು ಹೊರಗೆ ಹೇಳುವುದಿಲ್ಲವೆಂಬ ಮಾತು ಪಡೆಯಿರಿ. ಆಸ್ಪತ್ರೆಯ ಮತ್ತು ಕುಟುಂಬದ ವಿಚಾರಗಳಲ್ಲಿ ಇದು ಕಡ್ಡಾಯ.
- ಮನೆಯ ಮಕ್ಕಳನ್ನು ದುಭಾಷಿಯಾಗಿ ಬಳಸಬೇಡಿರಿ. ಕೆಟ್ಟ ಸುದ್ದಿಯನ್ನು ತಾಯಿಗೆ ಮಗು ತಿಳಿಸಬೇಕಾಗಿ ಬರಬಾರದು.