ಡೈನಮೋ ಹೋಗಿ ಆಲ್ಟರ್ನೇಟರ್ ಬಂತು: ಹಳೆ ಟ್ರ್ಯಾಕ್ಟರಿನ ಬೆಳಕಿನ ಇತಿಹಾಸ

ಹಾನಗಲ್ ತಾಲೂಕಿನ ಆಡೂರು ಎಂದರೆ ಇತಿಹಾಸ ಓದಿದವರಿಗೆ ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಹೆಸರಿರುವ ಶಿಲಾಶಾಸನ ನೆನಪಾಗುತ್ತದೆ. ಅದರಲ್ಲಿ ಜಿನಾಲಯಕ್ಕೆ ಬಿಟ್ಟ ಹೊಲದ ಮಾತಿದೆ. ಆ ಹೊಲವನ್ನು ಯಾರು ಉತ್ತರು, ಹೇಗೆ ಉತ್ತರು ಎಂಬುದು ಅಲ್ಲಿಲ್ಲ. ಕಳೆದ ಆರೇಳು ದಶಕಗಳ ಉಳುಮೆಯ ಕತೆಯೂ ಹೀಗೇ ಬರಹಕ್ಕೆ ಸಿಗದೆ ಉಳಿದಿದೆ. ಅದರ ಒಂದು ತುಣುಕು ಹಳೆ ಟ್ರ್ಯಾಕ್ಟರಿನ ಎಂಜಿನ್ ಪಕ್ಕದಲ್ಲಿ, ಬೆಲ್ಟಿಗೆ ಸಿಕ್ಕಿಕೊಂಡು ತಿರುಗುತ್ತದೆ.

ಮಿರಗದ ಮಳೆ ಬಿದ್ದು ಹೊಲ ಹದಕ್ಕೆ ಬಂದರೆ ಆ ಹದ ನಾಲ್ಕೈದು ದಿನ ಮಾತ್ರ. ಊರಲ್ಲಿ ಟ್ರ್ಯಾಕ್ಟರ್ ಕಡಿಮೆ ಇದ್ದ ಕಾಲದಲ್ಲಿ ಹಗಲು ಒಬ್ಬರ ಹೊಲ, ರಾತ್ರಿ ಇನ್ನೊಬ್ಬರ ಹೊಲ. ರಾತ್ರಿ ಉಳಬೇಕೆಂದರೆ ಲೈಟು ಬೇಕು, ಲೈಟಿಗೆ ಬ್ಯಾಟರಿ ಬೇಕು, ಬ್ಯಾಟರಿ ತುಂಬಿಸಲು ಡೈನಮೋ ಬೇಕು.

ಕರೆಂಟೇ ಇಲ್ಲದ ಟ್ರ್ಯಾಕ್ಟರ್

1917ರಲ್ಲಿ ಹೆನ್ರಿ ಫೋರ್ಡ್ ಹೊರತಂದ ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ಬ್ಯಾಟರಿ ಇರಲಿಲ್ಲ. ಹ್ಯಾಂಡಲ್ ಹೊಡೆದರೆ ಮ್ಯಾಗ್ನೆಟೋ ಕಿಡಿ ಕೊಡುತ್ತಿತ್ತು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಬೂದು ಬಣ್ಣದ ಫರ್ಗುಸನ್ ಟಿಇ20ರಲ್ಲಿ ಬ್ಯಾಟರಿ, ಡೈನಮೋ, ಸೆಲ್ಫ್ ಮೂರೂ ಬಂದವು. ಮೊದಲು ಪೆಟ್ರೋಲ್, ಆಮೇಲೆ ಸೀಮೆಎಣ್ಣೆ ಮತ್ತು ಡೀಸೆಲ್ ಎಂಜಿನ್ ಹೊತ್ತ ಆ ಮಾದರಿ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು.

ನಮ್ಮ ದೇಶದಲ್ಲಿ ಪೆಟ್ರೋಲ್ ಟ್ರ್ಯಾಕ್ಟರ್ ಬೇರು ಬಿಡಲಿಲ್ಲ. 1959ರಲ್ಲಿ ಫರೀದಾಬಾದಿನಿಂದ ಹೊರಬಂದ ಐಷರ್ ಡೀಸೆಲ್‌ನದ್ದು. ಅದರ ಹಿಂದೆ ಬಂದ ಮ್ಯಾಸ್ಸಿ ಫರ್ಗುಸನ್, ಇಂಟರ್‌ನ್ಯಾಷನಲ್, 1971ರಿಂದ ಎಚ್‌ಎಂಟಿ ಎಲ್ಲವೂ ಡೀಸೆಲ್. ಡೀಸೆಲ್ ಪಂಪು ತಯಾರಿಸುವ ಮೈಕೊ 1951ರಲ್ಲೇ ಬೆಂಗಳೂರಿನಲ್ಲಿ ನೆಲೆಯೂರಿತ್ತು. ಡೈನಮೋ, ಸೆಲ್ಫ್ ತಯಾರಿಸಲು 1961ರಲ್ಲಿ ಮದ್ರಾಸಿನ ಪಾಡಿಯಲ್ಲಿ ಲುಕಾಸ್ ಟಿವಿಎಸ್ ಹುಟ್ಟಿತು.

ಈ ವ್ಯತ್ಯಾಸ ರೈತನಿಗೆ ದೊಡ್ಡದು. ಕಾಯಿಲ್ ಇರುವ ಪೆಟ್ರೋಲ್ ಎಂಜಿನ್ ಬ್ಯಾಟರಿ ಇಳಿದರೆ ನಿಂತೇ ಬಿಡುತ್ತದೆ. ಡೀಸೆಲ್ ಎಂಜಿನ್ ಒಮ್ಮೆ ಚಾಲೂ ಆದರೆ ಕರೆಂಟು ಕೇಳುವುದಿಲ್ಲ. ಹಾಗಾಗಿ ಡೈನಮೋ ಕೆಟ್ಟರೂ ಗಾಡಿಯನ್ನು ರಾತ್ರಿ ಇಳಿಜಾರಿಗೆ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಚಾಲೂ ಮಾಡಿ ಸುಗ್ಗಿ ಮುಗಿಸಬಹುದಿತ್ತು. ಹೋಗುತ್ತಿದ್ದುದು ಬೆಳಕು ಮಾತ್ರ.

ಡೈನಮೋ ಸೋತದ್ದೆಲ್ಲಿ

ಲುಕಾಸ್ ಸಿ40 ಡೈನಮೋದ ಗರಿಷ್ಠ ಸಾಮರ್ಥ್ಯ 22 ಆಂಪಿಯರ್. ಅದೂ ಎಂಜಿನ್ ಜೋರಾಗಿ ಓಡುವಾಗ. ನಿಧಾನಕ್ಕೆ ಓಡಿದರೆ ಚಾರ್ಜೇ ಇಲ್ಲ. ಡೈನಮೋದಲ್ಲಿ ಕರೆಂಟು ಹುಟ್ಟುವುದು ತಿರುಗುವ ಆರ್ಮೇಚರಿನಲ್ಲಿ. ಅಷ್ಟೂ ಕರೆಂಟು ಕಮ್ಯುಟೇಟರ್ ಮತ್ತು ಬ್ರಷ್ ದಾಟಿ ಹೊರಬರಬೇಕು. ಅದನ್ನು ಅತಿ ವೇಗವಾಗಿ ತಿರುಗಿಸುವಂತಿಲ್ಲ. ಆಲ್ಟರ್ನೇಟರಿನಲ್ಲಿ ಕರೆಂಟು ಹುಟ್ಟುವುದು ಅಲುಗಾಡದ ಹೊರಸುತ್ತಿನಲ್ಲಿ. ತಿರುಗುವ ರೋಟರಿಗೆ ಬ್ರಷ್ ಮೂಲಕ ಸ್ವಲ್ಪ ಕರೆಂಟು ಹೋದರೆ ಸಾಕು. ಚಿಕ್ಕ ಪುಲ್ಲಿ ಹಾಕಿ ಜೋರಾಗಿ ತಿರುಗಿಸಬಹುದು, ಎಂಜಿನ್ ನಿಧಾನವಿದ್ದಾಗಲೂ ಚಾರ್ಜ್ ಸಿಗುತ್ತದೆ. ಅಲ್ಲಿ ಹುಟ್ಟುವ ಎಸಿಯನ್ನು ಡಿಸಿ ಮಾಡಲು ಅಗ್ಗದ ಸಿಲಿಕಾನ್ ಡಯೋಡ್ ಬರಬೇಕಿತ್ತು. ಬಂದ ಮೇಲೆ, 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿತು. ಟ್ರ್ಯಾಕ್ಟರುಗಳು ಅದೇ ದಾರಿ ಹಿಡಿದವು.

ತಂತಿ ಬದಲಿಸುವ ಕೆಲಸ

ಹಳೆ ಗಾಡಿಗೆ ಆಲ್ಟರ್ನೇಟರ್ ಕೂರಿಸುವಾಗ ಮೊದಲು ನೋಡಬೇಕಾದ್ದು ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂಬುದನ್ನು. ಆ ಕಾಲದ ಅನೇಕ ಬ್ರಿಟಿಷ್ ಗಾಡಿಗಳಲ್ಲಿ ಪ್ಲಸ್ ಬಾಡಿಗಿರುತ್ತಿತ್ತು. ಮೈನಸ್ ಬಾಡಿಗೆ ಬೇಕಾದ ಆಲ್ಟರ್ನೇಟರನ್ನು ಅದಕ್ಕೆ ಹಾಗೇ ಜೋಡಿಸಿದರೆ ಡಯೋಡು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಬ್ಯಾಟರಿ ತಿರುಗಿಸಬೇಕು, ಪೆಟ್ರೋಲ್ ಗಾಡಿಯಾದರೆ ಕಾಯಿಲಿನ ಎರಡು ತಂತಿಗಳನ್ನೂ ಅದಲುಬದಲು ಮಾಡಬೇಕು. ಸೆಲ್ಫಿಗೆ ಏನೂ ಮಾಡಬೇಕಿಲ್ಲ. ಅದು ಹೇಗಿದ್ದರೂ ಒಂದೇ ಕಡೆ ತಿರುಗುತ್ತದೆ.

ಹಳೆ ಕಟೌಟ್ ಪೆಟ್ಟಿಗೆಗೆ ಇನ್ನು ಕೆಲಸವಿಲ್ಲ. ಅದರಿಂದ ಡೈನಮೋದ ಎರಡು ತಂತಿ ಬಿಚ್ಚಿ, ಎ ಮತ್ತು ಎ1 ತಂತಿಗಳನ್ನು ಒಂದುಗೂಡಿಸಿದರೆ ಲೈಟು, ಹಾರ್ನಿಗೆ ಕರೆಂಟು ಸಿಗುತ್ತದೆ. ಆಲ್ಟರ್ನೇಟರಿನ ಬಿ ಪ್ಲಸ್‌ನಿಂದ ಬ್ಯಾಟರಿಗೆ ಹೊಸ ದಪ್ಪ ತಂತಿಯೇ ಬೇಕು: 22 ಆಂಪಿಯರಿಗೆ ಎಳೆದ ತಂತಿ 40 ತಡೆಯುವುದಿಲ್ಲ. ಡ್ಯಾಶಿನ 30 ಆಂಪಿಯರ್ ಮೀಟರನ್ನು ಈ ದಾರಿಯಿಂದ ಬಿಡಬೇಕು.

ಇನ್ನುಳಿದದ್ದು ಸ್ವಿಚ್ಚಿನಿಂದ ಚಾರ್ಜಿಂಗ್ ಬಲ್ಬ್ ಮೂಲಕ ಆಲ್ಟರ್ನೇಟರಿಗೆ ಹೋಗುವ ಸಣ್ಣ ತಂತಿ. ರೋಟರಿಗೆ ಮೊದಲ ಕರೆಂಟು ಈ ಬಲ್ಬಿನಿಂದಲೇ ಹೋಗುತ್ತದೆ. ಬಲ್ಬ್ ಬೇಡವೆಂದು ನೇರ ಸೇರಿಸಿದರೆ ಪೆಟ್ರೋಲ್ ಗಾಡಿ ಚಾವಿ ತೆಗೆದರೂ ನಿಲ್ಲದಿರಬಹುದು. ಆಲ್ಟರ್ನೇಟರಿನ ಕರೆಂಟು ಹಿಂದಿನಿಂದ ಕಾಯಿಲಿಗೆ ಹರಿಯುತ್ತದೆ. ಎಲ್ಲ ಸರಿಯಿದ್ದರೆ ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ತೋರಿಸುತ್ತದೆ.

ಕೈಗೆ ಸಿಕ್ಕದ್ದು, ಕೈ ತಪ್ಪಿದ್ದು

ಹೊಸ ಸಾಮಾನು ಬಂದರೂ ಹಳೆ ರೂಢಿ ಬೇಗ ಹೋಗುವುದಿಲ್ಲ. ಒಂದೇ ಬ್ಯಾಟರಿಯಿಂದ ಒಂದು ಗಾಡಿ ಚಾಲೂ ಮಾಡಿ, ಅದನ್ನೇ ಬಿಚ್ಚಿ ಇನ್ನೊಂದಕ್ಕೆ ಒಯ್ಯುವ ಉಪಾಯ ಡೈನಮೋ ಕಾಲಕ್ಕೆ ನಡೆಯುತ್ತಿತ್ತು. ಆಲ್ಟರ್ನೇಟರ್ ಓಡುವಾಗ ಬ್ಯಾಟರಿ ಬಿಚ್ಚಿದರೆ ವೋಲ್ಟೇಜ್ ಜಿಗಿದು ಡಯೋಡು ಹಾಳಾಗುತ್ತವೆ. ಡೈನಮೋವನ್ನು ಬ್ರಷ್ ಬದಲಿಸಿ, ಕಮ್ಯುಟೇಟರ್ ತಿಕ್ಕಿ ಹಳ್ಳಿಯಲ್ಲೇ ರಿಪೇರಿ ಮಾಡಬಹುದಿತ್ತು. ರೆಗ್ಯುಲೇಟರ್ ಒಳಗೇ ಸೇರಿದ ಆಲ್ಟರ್ನೇಟರ್ ಕೆಟ್ಟರೆ ಬಹಳ ಸಲ ಇಡಿಯಾಗಿ ಬದಲಿಸುವುದೇ ದಾರಿ. ಹೊಲದ ಬದುವಿನಲ್ಲಿ ಮುಗಿಯುತ್ತಿದ್ದ ಕೆಲಸ ಪೇಟೆಗೆ ಹೋಯಿತು.

ಆದರೂ ಈ ಬದಲಾವಣೆ ಬೇಕಿತ್ತು. ಸುಗ್ಗಿಯಲ್ಲಿ ಸಂಗೂರಿನ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬು ತುಂಬಿಕೊಂಡು ರಾತ್ರಿ ಹೋಗುವ ಟ್ರ್ಯಾಕ್ಟರನ್ನು ನೆನೆಯಿರಿ. ಏರಿನಲ್ಲಿ ನಿಧಾನವಾಗುತ್ತದೆ, ಗೇಟಿನ ಮುಂದೆ ಸಾಲಿನಲ್ಲಿ ನಿಲ್ಲುತ್ತದೆ. ಡೈನಮೋ ಕೈಕೊಡುವುದು ಸರಿಯಾಗಿ ಅಲ್ಲೇ. ಹಿಂದಿನ ಕೆಂಪು ಲೈಟು ಮಂಕಾದರೆ ಬೈಕಿನವನಿಗೆ ಟ್ರೇಲರ್ ಕಾಣುವುದು ಹತ್ತಿರ ಬಂದ ಮೇಲೆ. ಹಳೆ ಗಾಡಿಗೆ ಒಂದು ಆಲ್ಟರ್ನೇಟರ್, ಟ್ರೇಲರಿಗೆ ಎರಡು ಕೆಂಪು ಲೈಟು, ಅವೆರಡರ ನಡುವೆ ಒಂದು ಗಟ್ಟಿ ತಂತಿ: ಬೆಳಕು ಬ್ಯಾಟರಿಯಿಂದ ಟ್ರೇಲರಿನ ತುದಿಯವರೆಗೆ ಮುಟ್ಟಿದರೆ ಮಾತ್ರ ಈ ಖರ್ಚು ಸಾರ್ಥಕ.