ಮೀನಖಂಡದ ನೋವಿಗೆ ಮದ್ದು ಹುಡುಕಿದ ಬಗೆ

ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ಮೂರು ನಿಮಿಷ ನಿಂತರೆ ನೋವು ಇಳಿಯುತ್ತದೆ, ಮತ್ತೆ ಹೆಚ್ಚುಕಡಿಮೆ ಅಷ್ಟೇ ದೂರ ನಡೆದಾಗ ಮರಳುತ್ತದೆ. ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದವರಲ್ಲಿ ಕಾಣುವ ನೋವು ಇದು. ಕುಳಿತಿರುವ ಸ್ನಾಯುವಿಗೆ ಸಾಲುವ ರಕ್ತ ದುಡಿಯುವ ಸ್ನಾಯುವಿಗೆ ಸಾಲುವುದಿಲ್ಲ. ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಮತ್ತು ವಯಸ್ಸು ಇದರ ಮುಖ್ಯ ಕಾರಣಗಳು. ರೋಗ ಮುಂದುವರಿದರೆ ಮಲಗಿದ್ದಾಗಲೂ ಪಾದ ನೋಯುತ್ತದೆ, ಬೆರಳುಗಳಲ್ಲಿ ಹುಣ್ಣಾಗುತ್ತದೆ, ಕೊನೆಗೆ ಅಂಗಾಂಶ ಸತ್ತು ಕಾಲನ್ನೇ ಕತ್ತರಿಸಬೇಕಾಗಬಹುದು.

ವೈದ್ಯಶಾಸ್ತ್ರಕ್ಕೆ ಈ ನೋವಿನ ಗುರುತು ಸಿಕ್ಕಿದ್ದು ಒಂದು ಕುದುರೆಯಿಂದ. 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಝಾಂ ಬುಲೆ, ಗಾಡಿ ಎಳೆಯುವ ಹೆಣ್ಣು ಕುದುರೆಯೊಂದು ಸ್ವಲ್ಪ ಹೊತ್ತು ನಡೆದ ಮೇಲೆ ಹಿಂಗಾಲು ಕುಂಟುವುದನ್ನೂ ನಿಲ್ಲಿಸಿದರೆ ಸುಧಾರಿಸಿಕೊಳ್ಳುವುದನ್ನೂ ಬರೆದಿಟ್ಟ. ಕುದುರೆ ಸತ್ತ ಮೇಲೆ ಕೊಯ್ದು ನೋಡಿದಾಗ ತೊಡೆಯ ಅಪಧಮನಿಗಳು ಕಟ್ಟಿಕೊಂಡಿದ್ದವು. 1858ರಲ್ಲಿ ಪ್ಯಾರಿಸ್ಸಿನ ಝಾಂ ಮಾರ್ಟಿನ್ ಶಾರ್ಕೊ ಇದೇ ಚಿತ್ರವನ್ನು ಮನುಷ್ಯನಲ್ಲಿ ಗುರುತಿಸಿದ. ಅವನ ರೋಗಿ ಹಿಂದೆ ಗುಂಡೇಟು ತಿಂದಿದ್ದ ಮಾಜಿ ಸೈನಿಕ. ನೋವು ಹುಟ್ಟುವ ಬಗೆ ಸ್ಪಷ್ಟವಾಗಲು ಇನ್ನೂ ಎಪ್ಪತ್ತು ವರ್ಷ ಹಿಡಿಯಿತು. 1931ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಮತ್ತು ಸಂಗಡಿಗರು ರಕ್ತ ತಡೆದ ಕೈಯ ಸ್ನಾಯುಗಳಿಗೆ ಕೆಲಸ ಕೊಟ್ಟು ಪರೀಕ್ಷಿಸಿದರು. ರಕ್ತ ಸಾಲದ ಸ್ನಾಯುವಿನಲ್ಲೇ ಶೇಖರವಾಗುವ ಯಾವುದೋ ರಾಸಾಯನಿಕ ನೋವನ್ನು ಹುಟ್ಟಿಸುತ್ತದೆ ಎಂದು ತೋರಿಸಿದರು. ಅಲ್ಲಿಯವರೆಗೆ ರಕ್ತನಾಳ ಸೆಟೆದುಕೊಳ್ಳುವುದೇ ನೋವಿಗೆ ಮೂಲ ಎಂಬ ನಂಬಿಕೆ ಬಲವಾಗಿತ್ತು. ಆ ನಂಬಿಕೆ ಅದಾದ ಮೇಲೂ ಬಹುಕಾಲ ಚಿಕಿತ್ಸೆಯನ್ನು ಆಳಿತು.

ನಾಳ ಸೆಟೆದುಕೊಂಡಿದೆ ಎಂದ ಮೇಲೆ ಅದನ್ನು ಸಡಿಲಿಸಬೇಕು ತಾನೇ? ಇಪ್ಪತ್ತನೆಯ ಶತಮಾನದ ಮೊದಲ ಆರು ದಶಕಗಳ ಔಷಧಗಳೆಲ್ಲ ಈ ಒಂದೇ ತರ್ಕದ ಮೇಲೆ ನಿಂತಿದ್ದವು. 1848ರಲ್ಲಿ ಗೆಯೋರ್ಗ್ ಮೆರ್ಕ್ ಅಫೀಮಿನಿಂದ ಬೇರ್ಪಡಿಸಿದ್ದ ಪಪಾವೆರಿನ್, ಟೊಲಾಜೊಲಿನ್, ನಿಕೋಟಿನಿಕ್ ಆಮ್ಲ, ಐಸಾಕ್ಸುಪ್ರಿನ್ ಹೀಗೆ ಒಂದರ ಹಿಂದೊಂದು ಬಂದವು. ಔಷಧಕ್ಕಿಂತ ಒರಟಾದ ಉಪಾಯಗಳೂ ಇದ್ದವು. 1920ರ ದಶಕದಲ್ಲಿ ಟೈಫಾಯ್ಡ್ ಲಸಿಕೆಯನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚಿ, ಬೇಕೆಂದೇ ಜ್ವರ ಬರಿಸಿ, ಆ ಬಿಸಿಯಲ್ಲಿ ನಾಳಗಳು ಹಿಗ್ಗಲಿ ಎಂದು ಕಾಯುತ್ತಿದ್ದರು. ರೋಗಿಗಳು ಇದಕ್ಕೆ ಒಪ್ಪಿದರೆಂದರೆ ಕಾಲು ಕಳೆದುಕೊಳ್ಳುವ ಭಯ ಎಷ್ಟಿದ್ದಿರಬೇಕೆಂದು ಊಹಿಸಬಹುದು. 1924ರಲ್ಲಿ ಬ್ಯುನೊಸ್ ಐರಿಸ್‌ನ ಶಸ್ತ್ರವೈದ್ಯ ಹೂಲಿಯೊ ದೀಯೆಸ್, ನಾಳಗಳನ್ನು ಬಿಗಿಗೊಳಿಸುವ ನರಗಳನ್ನೇ ಸೊಂಟದ ಬಳಿ ಕತ್ತರಿಸುವ ಶಸ್ತ್ರಕ್ರಿಯೆ ಆರಂಭಿಸಿದ.

ಈ ಶಸ್ತ್ರಕ್ರಿಯೆಯ ಅತ್ಯಂತ ಪ್ರಸಿದ್ಧ ರೋಗಿ ಬ್ರಿಟನ್ನಿನ ದೊರೆ ಆರನೇ ಜಾರ್ಜ್. ಭಾರತ ಸ್ವತಂತ್ರವಾದ ಮೇಲೂ 1948ರ ಜೂನ್‌ವರೆಗೆ ಭಾರತದ ಚಕ್ರವರ್ತಿ ಎಂಬ ಬಿರುದು ಅವನಿಗಿತ್ತು. ಆ ವರ್ಷವೇ ಅವನ ಕಾಲುಗಳಲ್ಲಿ ನೋವು ಕಾಣಿಸಿಕೊಂಡು, ವರ್ಷದ ಕೊನೆಯ ಹೊತ್ತಿಗೆ ಕಾಲನ್ನು ತೆಗೆಯಬೇಕಾದೀತೆಂಬ ಆತಂಕ ಹುಟ್ಟಿತು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪ್ರವಾಸ ನಿಂತುಹೋಯಿತು. 1949ರ ಮಾರ್ಚ್ 12ರಂದು ಜೇಮ್ಸ್ ಲಿಯರ್ಮಂತ್ ಬಕಿಂಗ್‌ಹ್ಯಾಮ್ ಅರಮನೆಯಲ್ಲೇ ಅವನ ಸೊಂಟದ ನರಗಳನ್ನು ಕತ್ತರಿಸಿದ. ದೊರೆಯ ಕಾಲು ಉಳಿಯಿತು. ಆದರೆ ಅವನು ಬಹುಕಾಲದಿಂದ ವಿಪರೀತ ಸಿಗರೇಟು ಸೇದುತ್ತಿದ್ದ. 1951ರಲ್ಲಿ ಒಂದು ಶ್ವಾಸಕೋಶವನ್ನು ತೆಗೆಯಬೇಕಾಯಿತು, 1952ರ ಫೆಬ್ರವರಿಯಲ್ಲಿ 56ನೇ ವಯಸ್ಸಿನಲ್ಲಿ ತೀರಿಕೊಂಡ. ನರ ಕತ್ತರಿಸಿದರೆ ಚರ್ಮಕ್ಕೆ ರಕ್ತ ಹೆಚ್ಚುತ್ತದೆ, ಪಾದ ಬೆಚ್ಚಗಾಗುತ್ತದೆ. ನಡೆಯುವಾಗ ನೋಯುವ ಸ್ನಾಯುವಿಗೆ ಅದರಿಂದ ಅಂಥ ಲಾಭವಿಲ್ಲ ಎಂಬುದು ಮುಂದೆ ಸ್ಪಷ್ಟವಾಯಿತು.

ನಾಳ ಹಿಗ್ಗಿಸುವ ಗುಳಿಗೆಗಳಿಗೆ ಪೆಟ್ಟು ಬಿದ್ದದ್ದು 1959ರಲ್ಲಿ. ಜಾನ್ ಗಿಲೆಸ್ಪಿ ಎಂಬ ವೈದ್ಯ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಔಷಧಗಳ ವಿರುದ್ಧ ನೇರವಾಗಿಯೇ ವಾದ ಮಂಡಿಸಿದ. ರಕ್ತ ಸಾಲದ ಸ್ನಾಯು ತನ್ನೊಳಗಿನ ಸಣ್ಣ ನಾಳಗಳನ್ನು ಆಗಲೇ ಆದಷ್ಟೂ ಹಿಗ್ಗಿಸಿಕೊಂಡಿರುತ್ತದೆ, ಇನ್ನು ಹಿಗ್ಗಲು ಅಲ್ಲಿ ಜಾಗವಿಲ್ಲ. ಗುಳಿಗೆ ನುಂಗಿದಾಗ ಹಿಗ್ಗುವುದು ಆರೋಗ್ಯವಾಗಿರುವ ಉಳಿದ ನಾಳಗಳು. ಮೇಲಿನ ಹೊಲದವರೆಲ್ಲ ತೂಬು ಅಗಲ ಮಾಡಿಕೊಂಡರೆ ಕಾಲುವೆಯ ಕೊನೆಯ ಹೊಲ ಇನ್ನಷ್ಟು ಒಣಗುವಂತೆ, ನೋಯುವ ಕಾಲಿಗೆ ಹೋಗಬೇಕಾದ ರಕ್ತ ಬೇರೆಡೆ ಹರಿದುಹೋಗುತ್ತದೆ. 1979ರಲ್ಲಿ ಅಮೆರಿಕದ ಜೇ ಕಾಫ್‌ಮನ್ ಅದುವರೆಗಿನ ಪ್ರಯೋಗಗಳನ್ನೆಲ್ಲ ಜಾಲಾಡಿ, ಈ ಗುಂಪಿನ ಔಷಧಗಳಿಂದ ಪ್ರಯೋಜನವಾಗುತ್ತದೆ ಎನ್ನಲು ಆಧಾರವಿಲ್ಲ ಎಂಬ ತೀರ್ಮಾನಕ್ಕೇ ಬಂದ. ಆದರೂ ಮಾರಾಟ ತಟ್ಟನೆ ನಿಲ್ಲಲಿಲ್ಲ. ಕೊಡಲು ಬೇರೇನೂ ಇಲ್ಲದಾಗ ವೈದ್ಯನ ಕೈ ಹಳೆಯ ಚೀಟಿಯನ್ನೇ ಬರೆಯುತ್ತದೆ.

ಬೇರೇನೂ ಇರಲಿಲ್ಲ ಎನ್ನುವುದು ಕೂಡ ಪೂರ್ತಿ ನಿಜವಲ್ಲ. ಹೈಡೆಲ್‌ಬರ್ಗ್‌ನ ನರವೈದ್ಯ ವಿಲ್‌ಹೆಲ್ಮ್ ಎರ್ಬ್ 1898ರಷ್ಟು ಹಿಂದೆಯೇ ಇಂಥ ರೋಗಿಗಳಿಗೆ ನಡಿಗೆಯನ್ನು ಸೂಚಿಸಿದ್ದ, ಹೊಗೆಸೊಪ್ಪಿಗೂ ಈ ರೋಗಕ್ಕೂ ಇರುವ ನಂಟನ್ನೂ ಎತ್ತಿ ತೋರಿಸಿದ್ದ. ನೋಯುವ ಕಾಲಿಗೆ ವಿಶ್ರಾಂತಿ ಬೇಕೆಂಬ ಸಹಜ ಭಾವನೆಯ ಮುಂದೆ ಆ ಮಾತು ಹಿಂದೆ ಬಿತ್ತು. 1966ರಲ್ಲಿ ಡೆನ್ಮಾರ್ಕಿನ ಲಾರ್ಸೆನ್ ಮತ್ತು ಲಾಸೆನ್ 14 ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ದಿನವೂ ನಡೆದವರ ಸಾಮರ್ಥ್ಯ ಸ್ಪಷ್ಟವಾಗಿ ಹೆಚ್ಚಿತ್ತು, ಸುಮ್ಮನಿದ್ದವರದು ಇದ್ದಲ್ಲೇ ಇತ್ತು. ನಡೆಯುವ ಕ್ರಮ ಸರಳ. ನೋವು ಬರುವವರೆಗೆ ನಡೆದು, ಅದು ಜೋರಾದಾಗ ನಿಂತು, ಇಳಿದ ಮೇಲೆ ಮತ್ತೆ ನಡೆಯಬೇಕು. ಮುಕ್ಕಾಲು ಗಂಟೆಯಂತೆ ವಾರಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು ನಡೆಸಬೇಕು. 1995ರಲ್ಲಿ ಗಾರ್ಡ್ನರ್ ಮತ್ತು ಪೋಲ್‌ಮನ್ ಹಲವು ಅಧ್ಯಯನಗಳನ್ನು ಕೂಡಿಸಿ ಲೆಕ್ಕ ಹಾಕಿದಾಗ, ನಡೆಯಬಲ್ಲ ಗರಿಷ್ಠ ದೂರ ಸರಾಸರಿ ಶೇ 122ರಷ್ಟು ಹೆಚ್ಚಿತ್ತು. ಯಾವ ಗುಳಿಗೆಯೂ ಈ ಅಂಕಿಯ ಹತ್ತಿರ ಬಂದಿಲ್ಲ.

ಗುಳಿಗೆಗಳ ಎರಡನೆಯ ಪೀಳಿಗೆ ನಾಳವನ್ನು ಬಿಟ್ಟು ರಕ್ತದತ್ತ ತಿರುಗಿತು. ಕಾಫಿಯ ಕೆಫೀನ್‌ಗೆ ರಾಸಾಯನಿಕವಾಗಿ ಬಂಧುವಾದ ಪೆಂಟಾಕ್ಸಿಫಿಲಿನ್ 1970ರ ದಶಕದಲ್ಲಿ ಜರ್ಮನಿಯಿಂದ ಬಂತು. ಟ್ರೆಂಟಾಲ್ ಎಂಬ ಹೆಸರಿನಲ್ಲಿ ಭಾರತದ ಔಷಧದಂಗಡಿಗಳಿಗೂ ಅದು ಪರಿಚಿತ. ಕೆಂಪು ರಕ್ತಕಣಗಳನ್ನು ಮೆತುವಾಗಿಸಿ, ತಮಗಿಂತ ಇಕ್ಕಟ್ಟಾದ ಲೋಮನಾಳಗಳಲ್ಲಿ ಅವು ನುಸುಳುವಂತೆ ಮಾಡುತ್ತದೆ ಎಂಬುದು ಅದರ ಹಿಂದಿನ ವಿಚಾರ. 1984ರಲ್ಲಿ ಅಮೆರಿಕ ಈ ನೋವಿಗೆಂದೇ ಅನುಮತಿ ಕೊಟ್ಟ ಮೊದಲ ಔಷಧ ಇದಾಯಿತು. ಫ್ರಾನ್ಸ್ ಮೊದಲಾದ ಐರೋಪ್ಯ ದೇಶಗಳಲ್ಲಿ ನಾಫ್ಟಿಡ್ರೊಫ್ಯೂರಿಲ್ ಎಂಬ ಇನ್ನೊಂದು ಗುಳಿಗೆ ಬಳಕೆಗೆ ಬಂದು ನೆಲೆಯೂರಿತು.

ಜಪಾನಿನ ಒತ್ಸುಕಾ ಕಂಪನಿಯ ಸಿಲೋಸ್ಟಜೋಲ್ 1988ರಲ್ಲಿ ಅಲ್ಲಿ, 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇದು ಫಾಸ್ಫೊಡೈಎಸ್ಟರೇಸ್-3 ಎಂಬ ಕಿಣ್ವವನ್ನು ತಡೆಯುತ್ತದೆ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದು ಕಡಿಮೆಯಾಗಿ, ನಾಳಗಳೂ ಸ್ವಲ್ಪ ಹಿಗ್ಗುತ್ತವೆ. 2000ನೇ ಇಸವಿಯಲ್ಲಿ 698 ರೋಗಿಗಳ ಮೇಲೆ ನಡೆದ 24 ವಾರಗಳ ಹೋಲಿಕೆ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಸಿಲೋಸ್ಟಜೋಲ್ ತೆಗೆದುಕೊಂಡವರ ಗರಿಷ್ಠ ನಡಿಗೆ ಸರಾಸರಿ 107 ಮೀಟರ್ ಹೆಚ್ಚಿತು. ಪೆಂಟಾಕ್ಸಿಫಿಲಿನ್‌ನವರದು 64 ಮೀಟರ್, ಔಷಧವೇ ಇಲ್ಲದ ಹುಸಿ ಗುಳಿಗೆ ನುಂಗಿದವರದು 65 ಮೀಟರ್. ಹದಿನೈದು ವರ್ಷ ಮೊದಲ ಸ್ಥಾನದಲ್ಲಿದ್ದ ಔಷಧ ಹುಸಿ ಗುಳಿಗೆಗೆ ಸರಿಸಮವಾಗಿ ನಿಂತಿತ್ತು.

ಸಿಲೋಸ್ಟಜೋಲ್‌ಗೂ ಒಂದು ನೆರಳು ಅಂಟಿಕೊಂಡೇ ಬಂದಿದೆ. ಅದೇ ಕಿಣ್ವವನ್ನು ತಡೆಯುವ ಮಿಲ್ರಿನೋನ್ ಗುಳಿಗೆಯನ್ನು ಹೃದಯ ವೈಫಲ್ಯದ ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗದಲ್ಲಿ ಸಾವಿನ ಪ್ರಮಾಣ ಶೇ 28ರಷ್ಟು ಏರಿದ್ದು 1991ರಲ್ಲಿ ಪ್ರಕಟವಾಗಿತ್ತು. ಆ ಕಾರಣದಿಂದಲೇ ಹೃದಯ ವೈಫಲ್ಯ ಇರುವವರಿಗೆ ಸಿಲೋಸ್ಟಜೋಲ್ ಕೊಡಬಾರದೆಂಬ ಕಟ್ಟುನಿಟ್ಟಿನ ಎಚ್ಚರಿಕೆ ಅದರ ಮೇಲಿದೆ. ತಲೆನೋವು, ಎದೆಬಡಿತ, ಭೇದಿ ಹಲವರನ್ನು ಕಾಡುತ್ತವೆ. 2011ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಬೆಲೆ ಮತ್ತು ಫಲ ಎರಡನ್ನೂ ತೂಗಿ ನಾಫ್ಟಿಡ್ರೊಫ್ಯೂರಿಲ್ ಒಂದನ್ನೇ ಶಿಫಾರಸು ಮಾಡಿತು. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸಿಲೋಸ್ಟಜೋಲ್.

ಇದೇ ಕಾಲದಲ್ಲಿ ಚಿಕಿತ್ಸೆಯ ಗುರಿಯೇ ದೊಡ್ಡದಾಯಿತು. ಕಾಲಿನ ನಾಳ ಕಟ್ಟಿದವರ ಹೃದಯ ಮತ್ತು ಮಿದುಳಿನ ನಾಳಗಳೂ ಸಾಮಾನ್ಯವಾಗಿ ಕೆಟ್ಟಿರುತ್ತವೆ. ಅವರಲ್ಲಿ ಬಹಳ ಮಂದಿ ಸಾಯುವುದು ಹೃದಯಾಘಾತದಿಂದ, ಪಾರ್ಶ್ವವಾಯುವಿನಿಂದ. 1996ರ ಕ್ಯಾಪ್ರಿ ಪ್ರಯೋಗದಲ್ಲಿದ್ದ 19,185 ಮಂದಿಯಲ್ಲಿ ಕಾಲಿನ ನಾಳದ ರೋಗಿಗಳಿಗೆ ಆಸ್ಪಿರಿನ್‌ಗಿಂತ, ಅದರಂತೆಯೇ ಪ್ಲೇಟ್‌ಲೆಟ್‌ಗಳು ಅಂಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಹೆಚ್ಚು ರಕ್ಷಣೆ ಕೊಟ್ಟಿತು. 2002ರ ಹಾರ್ಟ್ ಪ್ರೊಟೆಕ್ಷನ್ ಅಧ್ಯಯನ ಇಂಥವರಿಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಕೊಡುವುದನ್ನು ಸ್ಥಿರಪಡಿಸಿತು. 2017ರ ಕಂಪಾಸ್ ಪ್ರಯೋಗದಲ್ಲಿ ಆಸ್ಪಿರಿನ್ ಜೊತೆಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ರಿವರಾಕ್ಸಬಾನ್ ಅನ್ನು 2.5 ಮಿಲಿಗ್ರಾಂನಂತೆ ದಿನಕ್ಕೆರಡು ಸಲ ಕೊಟ್ಟಾಗ ಕಾಲು ಕತ್ತರಿಸುವ ಪ್ರಸಂಗಗಳು ಗಣನೀಯವಾಗಿ ಇಳಿದವು, ರಕ್ತಸ್ರಾವ ಮಾತ್ರ ಹೆಚ್ಚಿತು.

ರಕ್ತದೊತ್ತಡದ ಗುಳಿಗೆ ರಾಮಿಪ್ರಿಲ್‌ನ ಪ್ರಸಂಗ ಈ ಚರಿತ್ರೆಯ ಕಹಿ ಅಧ್ಯಾಯ. ಅದರಿಂದ ನಡಿಗೆಯ ಅವಧಿ ನಾಲ್ಕು ನಿಮಿಷಕ್ಕೂ ಹೆಚ್ಚು ಬೆಳೆಯಿತೆಂದು 2013ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ಹೇಳಿತು. ಲೇಖಕರಲ್ಲೊಬ್ಬರು ಅಂಕಿಅಂಶಗಳನ್ನು ಸೃಷ್ಟಿಸಿದ್ದಾಗಿ ಒಪ್ಪಿಕೊಂಡ ಮೇಲೆ 2015ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ನೋವು ತಿನ್ನುವವರ ಆಸೆಯನ್ನು ಹೀಗೆ ಬಳಸಿಕೊಳ್ಳುವುದು ಅಕ್ಷಮ್ಯ. ಇತ್ತೀಚೆಗೆ ಭರವಸೆ ಮೂಡಿಸಿರುವುದು ಇನ್ನೊಂದು ಔಷಧ. 2025ರಲ್ಲಿ ಪ್ರಕಟವಾದ ಸ್ಟ್ರೈಡ್ ಪ್ರಯೋಗದಲ್ಲಿ ಕಾಲಿನ ನಾಳವೂ ಕಟ್ಟಿದ್ದ 792 ಸಕ್ಕರೆ ಕಾಯಿಲೆಯ ರೋಗಿಗಳಿದ್ದರು. ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಚುಚ್ಚುಮದ್ದು ಪಡೆದವರು ವರ್ಷದ ಕೊನೆಗೆ ಹುಸಿ ಚುಚ್ಚುಮದ್ದು ಪಡೆದವರಿಗಿಂತ ಸುಮಾರು ಶೇ 13ರಷ್ಟು ಹೆಚ್ಚು ದೂರ ನಡೆದರು.

ಕೊಬ್ಬು ಕಟ್ಟದೆಯೂ ಕಾಲಿನ ನಾಳ ಮುಚ್ಚುವ ಇನ್ನೊಂದು ರೋಗ ಭಾರತಕ್ಕೆ ಹೆಚ್ಚು ಸಂಬಂಧಪಟ್ಟದ್ದು. 1908ರಲ್ಲಿ ನ್ಯೂಯಾರ್ಕಿನ ಲಿಯೊ ಬರ್ಗರ್, ಕತ್ತರಿಸಿದ 11 ಕಾಲುಗಳ ನಾಳಗಳನ್ನು ಪರೀಕ್ಷಿಸಿ ಇದನ್ನು ವಿವರಿಸಿದ. ಹೊಗೆಸೊಪ್ಪು ಸೇದುವ ಪ್ರಾಯದ ಗಂಡಸರಲ್ಲಿ ನಾಳ ಉರಿಯೂತಗೊಂಡು ರಕ್ತ ಹೆಪ್ಪುಗಟ್ಟುತ್ತದೆ. ಭಾರತದಲ್ಲಿ ಈ ರೋಗಿಗಳ ಪೈಕಿ ಬೀಡಿ ಸೇದುವ ಬಡ ದುಡಿಮೆಗಾರರು ಹೆಚ್ಚು. ಬೀಡಿ ಕಟ್ಟುವ ಕಸುಬು ದಕ್ಷಿಣ ಕನ್ನಡ, ಉಡುಪಿಗಳ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ಅದೇ ಬೀಡಿ ಸೇದುವವರ ಕಾಲನ್ನು ಕಿತ್ತುಕೊಂಡಿದೆ. ಸೇದುವುದನ್ನು ಪೂರ್ತಿ ಬಿಟ್ಟರೆ ರೋಗ ಬಹುಮಟ್ಟಿಗೆ ನಿಲ್ಲುತ್ತದೆ, ಬಿಡದಿದ್ದರೆ ಯಾವ ಮದ್ದೂ ನಾಟುವುದಿಲ್ಲ. 1990ರಲ್ಲಿ ಇಲೋಪ್ರಾಸ್ಟ್ ಎಂಬ ಔಷಧವನ್ನು ಹನಿಹನಿಯಾಗಿ ರಕ್ತಕ್ಕೆ ಬಿಡುವುದರಿಂದ ನೋವು ಇಳಿದು ಹುಣ್ಣು ಮಾಯುತ್ತದೆಂದು ತೋರಿಬಂತು. ಅದಕ್ಕೆ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಬೇಕು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ, ದಾನಿಗಳ ಅಸ್ಥಿಮಜ್ಜೆಯ ಕಾಂಡಕೋಶಗಳನ್ನು ಬೆಳೆಸಿ ಮೀನಖಂಡದ ಸ್ನಾಯುವಿಗೆ ಚುಚ್ಚುವ ಸ್ಟೆಂಪ್ಯೂಸೆಲ್ ಚಿಕಿತ್ಸೆಯನ್ನು ರೂಪಿಸಿತು. ಕೇಂದ್ರ ಔಷಧ ನಿಯಂತ್ರಕರು 2016ರಲ್ಲಿ ಬರ್ಗರ್ ರೋಗಕ್ಕೆ ಸೀಮಿತ ಅನುಮತಿಯನ್ನೂ 2020ರಲ್ಲಿ ಕೊಬ್ಬು ಕಟ್ಟಿ ನಾಳ ಮುಚ್ಚಿದವರಿಗೂ ಸೇರಿಸಿ ವಿಸ್ತೃತ ಅನುಮತಿಯನ್ನೂ ಕೊಟ್ಟರು. ಮಲಗಿದ್ದಾಗಲೂ ಪಾದ ನೋಯುವ, ಹುಣ್ಣು ಮಾಯದ ಹಂತ ತಲುಪಿದವರಿಗೆ ಅದು ಮೀಸಲು. ನಡೆಯುವಾಗ ಮಾತ್ರ ಮೀನಖಂಡ ನೋಯುವವರಿಗೆ ಅದನ್ನು ಕೊಡುವುದಿಲ್ಲ.